ಐಸಿನೊಳಗಿನ ಜೀರುಂಡೆ

ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಹೆಣ ಕೂಗಿತು.

ಮಟ್ಟಾಂಚೇರಿ ಜೆಟ್ಟಿಯ ಕೊನೆಯ ಮೆಟ್ಟಿಲಿಗೆ ಅದು ತಾಗಿ ನಿಂತಿತ್ತು. ಕೊರಳಿಗೆ ಅಂತರಗಂಗೆ ಸುತ್ತಿತ್ತು. ಬೋಟಿನವರು ಎಳೆದು ಮೇಲೆ ಮಲಗಿಸಿದ್ದರು. ಎರ್ನಾಕುಲಕ್ಕೆ ಹೊರಟ ಜನ ಬೋಟು ಬಿಟ್ಟು ಅರ್ಧಚಂದ್ರಾಕಾರವಾಗಿ ನಿಂತಿದ್ದರು. ಎಸ್‌ಐ ನಿತ್ಯಾನಂದ ಮೊಣಕಾಲೂರಿ ಮುಖದ ಮೇಲಿನ ಎಲೆ ಸರಿಸಿದ. ಆಗ ಕೇಳಿಸಿತು.

ಪೀಪ್-ಪೀಪ್.

ಹೆಣದ ಎಡಗೈಯಿಂದ.

ಅರ್ಧಚಂದ್ರ ಒಮ್ಮೆಲೇ ಹಿಂದೆ ಸರಿಯಿತು. ಮೆಟ್ಟಿಲಿಗೆ ನೀರು ಬಡಿಯುವ ಸದ್ದು. ಒಂದು ಕಾಗೆ. ಆಮೇಲೆ ಮತ್ತೆ.

ಪೀಪ್-ಪೀಪ್.

ಈ ಸಲ ಬಲಗೈಯಿಂದ.

ಕಾನ್‌ಸ್ಟೇಬಲ್ ಜೋಸೆಫ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಕಾಸರಗೋಡಿನಲ್ಲಿ ಕೆಲಸ ಮಾಡಿದ್ದಾಗ ಅವನು ಕನ್ನಡ ಕಲಿತಿದ್ದ. ಹೆದರಿದಾಗ ಅದು ತಾನಾಗಿ ಹೊರಗೆ ಬರುತ್ತಿತ್ತು.

"ಸಾರೆ, ಏಳು... ಏಳು..."

"ಗಂಟೆ ಹೇಳ್ತಿದ್ದೀಯೋ, ಅವರನ್ನು ಎಬ್ಬಿಸ್ತಿದ್ದೀಯೋ?"

ಯಾರೂ ನಗಲಿಲ್ಲ. ಹೇಳಿದ ನಿತ್ಯಾನಂದನೂ ನಗಲಿಲ್ಲ. ಅವನಿಗೆ ಮುಖದ ಗುರುತು ಸಿಕ್ಕಿತ್ತು.

ಕಮಲಾಕ್ಷ. ಉಡುಪಿ ಕಡೆಯವರು. ಬೆಂಗಳೂರಿನ ವಾಚು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು, ಸ್ವಯಂನಿವೃತ್ತಿ ತೆಗೆದುಕೊಂಡು ಕೊಚ್ಚಿಗೆ ಬಂದವರು. ಮಟ್ಟಾಂಚೇರಿಯ ಒಂದು ಹಳೆಯ ಮೆಣಸಿನ ಗೋದಾಮಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದರು. ಎರ್ನಾಕುಲಂನ ಕನ್ನಡ ಸಂಘದಲ್ಲಿ ಅವರನ್ನು ಅರಿಯದವರಿಲ್ಲ. ಎರಡೂ ಕೈಗೆ ಒಂದೊಂದು ಡಿಜಿಟಲ್ ವಾಚು ಕಟ್ಟಿ, ಸಿಕ್ಕವರಿಗೆಲ್ಲ ಗಡಿಯಾರದ ಪುರಾಣ ಕೊರೆಯುತ್ತಿದ್ದರು. ಸಂಘದಲ್ಲಿ ಅವರ ಹೆಸರೇ 'ವಾಚಾಳಿ'. ಪ್ರತಿ ಗಂಟೆಗೂ ಎರಡೂ ವಾಚು ಕೂಗಿದಾಗ ಅವರು ಎರಡೂ ಕೈ ಎತ್ತಿ, "ಕೇಳಿ! ಎರಡು ವಾಚು, ಒಂದೇ ಸ್ವರ!" ಎನ್ನುತ್ತಿದ್ದರು. ಭಾಷಣದ ನಡುವೆಯೂ ಸರಿ, ಊಟದ ಪಂಕ್ತಿಯಲ್ಲೂ ಸರಿ.

ಒಂದೇ ಸ್ವರ. ನಿತ್ಯಾನಂದ ಅದನ್ನು ಎಷ್ಟೋ ಸಲ ಕೇಳಿದ್ದ. ಕುಂಬಳೆಯ ಈ ಹುಡುಗ ಪೊಲೀಸ್ ಸೇರುವ ಮೊದಲು ಕಾಲೇಜಿನ ವೇದಿಕೆಯಲ್ಲಿ ರೈಲು, ಕೋಳಿ, ಪ್ರಿನ್ಸಿಪಾಲ್ ಎಲ್ಲರ ಮಿಮಿಕ್ರಿ ಮಾಡಿದವನು. ಕಿವಿ ಮೋಸ ಹೋಗುವ ಜಾತಿಯದಲ್ಲ.

ಇವತ್ತು ಒಂದೇ ಸ್ವರ ಇರಲಿಲ್ಲ. ನಡುವೆ ಒಂದು ಕಾಗೆ ಕೂಗುವಷ್ಟು ಜಾಗ ಇತ್ತು.

* * *

ಮರಣೋತ್ತರ ಪರೀಕ್ಷೆಯ ಡಾಕ್ಟರು ಮಧ್ಯಾಹ್ನವೇ ಹೇಳಿದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಶ್ವಾಸಕೋಶದಲ್ಲಿ ನೀರಿಲ್ಲ. ಸತ್ತ ಮೇಲೆ ಕಾಯಲಿಗೆ, ಅಂದರೆ ಹಿನ್ನೀರಿಗೆ, ಎಸೆದದ್ದು. ಇವತ್ತು ಶನಿವಾರ. ಗುರುವಾರ ರಾತ್ರಿಗೂ ಶುಕ್ರವಾರ ಮಧ್ಯಾಹ್ನಕ್ಕೂ ನಡುವೆ ಸತ್ತಿರಬೇಕು.

ಕುಸುಮಾವತಿ, ಕಮಲಾಕ್ಷರ ಹೆಂಡತಿ, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದರು. ಅಳು ಮುಗಿದಿತ್ತು. ಅಥವಾ ಇನ್ನೂ ಶುರುವಾಗಿರಲಿಲ್ಲ.

"ಗುರುವಾರ ರಾತ್ರಿ ಕೂಡ ಮಾತಾಡಿದ್ರು, ನಿತ್ಯಾನಂದ."

"ಎಲ್ಲಿಂದ ಅಕ್ಕ?"

"ತಿರುವನಂತಪುರದಿಂದ. ಸೋಮವಾರ ಸಂಜೆ ಹೊರಟದ್ದು. ವರ್ಕ್‌ಶಾಪಿಗೆ ಹೋಗಿ, ಅಲ್ಲಿಂದ ಹಾಗೇ ರೈಲು ಹತ್ತುತ್ತೇನೆ ಅಂದ್ರು. ಅಲ್ಲಿ ಎಂಥದೋ ಎಲೆಕ್ಟ್ರಾನಿಕ್ಸ್ ಪ್ರದರ್ಶನ. ಮಂಗಳವಾರದಿಂದ ದಿನಾ ರಾತ್ರಿ ಎಂಟಕ್ಕೆ ಫೋನು."

"ದನಿ ಸರಿ ಇತ್ತಾ?"

"ಅವರದ್ದೇ. ಕೆಮ್ಮು ಸಹ ಅವರದ್ದೇ. ಆದ್ರೆ..." ಅವರು ಸೆರಗು ಹೊದ್ದುಕೊಂಡರು. ಫೆಬ್ರವರಿಯ ಕೊಚ್ಚಿಯಲ್ಲಿ ಯಾರಿಗೂ ಚಳಿಯಾಗುವುದಿಲ್ಲ. "ಇವರು ಎಲ್ಲಿಂದ ಫೋನು ಮಾಡಿದ್ರೂ ಎಂಟಕ್ಕೆ ಸ್ವಲ್ಪ ಮೊದಲು ಮಾಡುದು. ನಾನು ಎತ್ತಿದ್ರೆ ಮಾತಿಲ್ಲ. ವಾಚನ್ನು ಫೋನಿಗೆ ಹಿಡಿತಾರೆ. ಅದು ಕೂಗಿದ ಮೇಲೆ, 'ಸರಿ, ಈಗ ಮಾತಾಡು' ಅಂತಾರೆ. ನಾನು ಗೋಡೆ ಗಡಿಯಾರ ಸರಿ ಉಂಟಾ ನೋಡ್ಬೇಕು. ಮದುವೆಯಾದ ಹೊಸತರಲ್ಲಿ ಸಿಟ್ಟು ಬರ್ತಿತ್ತು. ಈ ವಾರ 'ಸರಿ, ಈಗ ಮಾತಾಡು' ಅಂದದ್ದು ಕೇಳಿತು. ಕೂಗಿದ್ದು ಕೇಳ್ಲಿಲ್ಲ."

"ಲೈನು ಸರಿ ಇರ್ಲಿಕ್ಕಿಲ್ಲ."

"ನಾನೂ ಹಾಗೇ ಎಣಿಸಿದೆ. ಹಿಂದೆ ಏನೂ ಸದ್ದಿಲ್ಲ. ಬಾವಿಯೊಳಗಿಂದ ಮಾತಾಡಿದ ಹಾಗೆ."

ಹೊರಗೆ ಶಾಮಿಯಾನ ಹಾಕಿಸುತ್ತಿದ್ದವನು ಒಳಗೆ ಬಂದ. ಬಿಳಿ ಶರ್ಟು, ಕೆಂಪು ಕಣ್ಣು. ವಿಶ್ವಾಸ್. ಬೆಂಗಳೂರಿನ ಹುಡುಗ, ಕಮಲಾಕ್ಷರ ಪಾಲುದಾರ. ಅವರು ಮಾಡಿದ್ದನ್ನು ಮಾರುವುದು ಇವನ ಕೆಲಸ. ಅದು ಮಾರಾಟವಾಗುವವರೆಗೆ ಹೊಟ್ಟೆಪಾಡಿಗೆ ಸಿಗಡಿ ಕಮಿಷನ್ ವ್ಯಾಪಾರ. ಎಷ್ಟು ಸೆಂಟು ಹಾಕಿದರೂ ಕೈ ಕುಲುಕಿದರೆ ಸಿಗಡಿಯ ವಾಸನೆ ಗೊತ್ತಾಗುತ್ತಿತ್ತು.

"ಸಾರ್, ನಾನು ಮಂಗಳವಾರದಿಂದ ನಿನ್ನೆ ಸಂಜೆವರೆಗೂ ಆ ಪ್ರದರ್ಶನದ ಸ್ಟಾಲಲ್ಲೇ ಇದ್ದೆ. ನೂರು ಜನ ನೋಡಿದಾರೆ. ಕಮಲಾಕ್ಷ ಸರ್ ಬುಧವಾರ ಒಂದ್ಸಲ ಬಂದಿದ್ರು. ಗುರುವಾರ ರಾತ್ರಿ ಟ್ರೈನಿಗೆ ವಾಪಸ್ ಹೋಗ್ತೀನಿ, ಆ ಹುಡುಗನ ಹತ್ರ ಕೊನೇ ಮಾತಾಡ್ಬೇಕು ಅಂದ್ರು."

"ಯಾವ ಹುಡುಗ?"

ವಿಶ್ವಾಸ್ ಕುಸುಮಾವತಿಯವರತ್ತ ನೋಡಿ ದನಿ ತಗ್ಗಿಸಿದ. "ಅಲ್ವಿನ್. ಜೀವಿತಾನ ಮದುವೆ ಆಗ್ತೀನಂತ ಕೂತಿದಾನಲ್ಲ, ಅವನು. ಹೋದ ತಿಂಗಳು ಇದೇ ಮನೇಲಿ ಜಗಳ ಆಗಿತ್ತು. ನಾನು ಹೇಳ್ಬಾರ್ದು ಸಾರ್. ಆದ್ರೂ ಹೇಳ್ತಿದೀನಿ."

* * *

ಅಲ್ವಿನ್ ಸಂಜೆಯೇ ಸಿಕ್ಕ. ಮಂಗಳೂರಿನವನು, ತಿರುವನಂತಪುರದ ಕಳಕ್ಕೂಟಂ ಐಟಿ ಪಾರ್ಕಿನಲ್ಲಿ ಕೆಲಸ. ಓಡಿಹೋಗಿರಲಿಲ್ಲ. ಜೀವಿತಾಳ ಪಕ್ಕದಲ್ಲಿ ನಿಂತು ಅಳುತ್ತಿದ್ದ. ಜೀವಿತಾ ಕಮಲಾಕ್ಷರ ಒಬ್ಬಳೇ ಮಗಳು. ಅವಳದೂ ಅದೇ ಪಾರ್ಕು, ಬೇರೆ ಕಂಪನಿ, ಸರ್ಕ್ಯೂಟು ಮಾಡುವ ಕೆಲಸ.

"ಗುರುವಾರ ಸಂಜೆ ಅವರೇ ನನಗೆ ಫೋನು ಮಾಡಿದ್ದು, ಸರ್," ಎಂದ ಅಲ್ವಿನ್. "'ನಾಳೆ ಬೆಳಿಗ್ಗೆ ವರ್ಕ್‌ಶಾಪಿಗೆ ಬಾ, ಒಬ್ಬನೇ ಬಾ, ಜೀವಿತಾಳಿಗೆ ಹೇಳ್ಬೇಡ' ಅಂತ. ನನಗೆ ಖುಷಿಯಾಯ್ತು ಮಾರಾಯ್ರೆ. ಒಪ್ಪಿದ್ರೋ ಏನೋ ಅಂತ. ಶುಕ್ರವಾರ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ. ಮಧ್ಯಾಹ್ನದ ತನಕ ಕಾದು ವಾಪಸ್ ಬಂದೆ."

"ನಿನ್ನನ್ನು ನೋಡಿದವರು?"

"ಯಾರೂ ಇಲ್ಲ."

ವರ್ಕ್‌ಶಾಪಿನ ಮೇಜಿಗೆ ಬಿಗಿದ ಕಬ್ಬಿಣದ ವೈಸಿನ ತುದಿಯಲ್ಲಿ ರಕ್ತ ಇತ್ತು. ಬಾಗಿಲ ಹಿಡಿಯಲ್ಲಿ ಅಲ್ವಿನ್‌ನ ಬೆರಳಚ್ಚು ಇತ್ತು. ಸರ್ಕಲ್ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಿತ್ತು. ಅಲ್ವಿನ್ ರಿಮಾಂಡಿಗೆ ಹೋದ.

"ಪ್ರೇಮ, ಪ್ರತಿರೋಧ, ಪ್ರಾಣಹರಣ. ಫೈಲ್ ಕ್ಲೋಸ್!" ನಿತ್ಯಾನಂದ ಮೇಲಧಿಕಾರಿಯ ದನಿಯಲ್ಲೇ, ಅದೇ ಮೂಗಿನ ಗೊರಗೊರ ಸಮೇತ ಹೇಳಿದ. ಜೋಸೆಫ್ ಗಾಬರಿಯಾಗಿ ಎದ್ದು ಸೆಲ್ಯೂಟ್ ಹೊಡೆದ. ಹಿಂದೆ ನೋಡಿದರೆ ಯಾರೂ ಇಲ್ಲ.

"ನಿಮ್ಮ ಈ ವಿದ್ಯೆ ಒಂದು ದಿನ ನನ್ನ ಜೀವ ತೆಗಿತದೆ, ಸಾರೆ."

ನಿತ್ಯಾನಂದನ ನಗು ಅರ್ಧಕ್ಕೆ ನಿಂತಿತು. ಜೋಸೆಫ್ ಹೇಳಿದ ಮಾತು ಎಲ್ಲೋ ಹೋಗಿ ತಾಗಿತ್ತು.

* * *

ಸ್ಟೇಷನ್ನಿನಲ್ಲಿ ಹೊಸದೊಂದು ತಾಪತ್ರಯ ಶುರುವಾಯಿತು. ಸೀಲು ಹಾಕಿದ ಲಕೋಟೆಯಲ್ಲಿ ಸತ್ತವರ ಎರಡೂ ವಾಚು ಕಪಾಟಿನಲ್ಲಿದ್ದವು. ಪ್ರತಿ ಗಂಟೆಗೂ ಕತ್ತಲ ಕಪಾಟಿನೊಳಗಿಂದ ಪೀಪ್-ಪೀಪ್. ಎಲ್ಲರೂ ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಯಾರೋ ಯಾರನ್ನೋ ಕರೆದು ಉತ್ತರಕ್ಕೆ ಕಾದಂತೆ. ಆಮೇಲೆ ಎರಡನೆಯದು. ಜೋಸೆಫ್ ತನ್ನ ಮೇಜನ್ನು ಬಾಗಿಲ ಬಳಿಗೆ ಸರಿಸಿಕೊಂಡ.

ಸೋಮವಾರ ಜೀವಿತಾ ಬಂದಳು. ಅಲ್ವಿನ್‌ನ ಪರವಾಗಿ ಬೇಡಿಕೊಳ್ಳಲು ಬಂದವಳು ಮಾತಿನ ನಡುವೆ ನಿಂತಳು. ಹನ್ನೊಂದು ಗಂಟೆ. ಕಪಾಟು ಕೂಗಿತು. ಅವಳ ಮುಖ ಬಿಳಿಚಿತು. ಮತ್ತೆ ಕೂಗಿತು.

"ಏಳು ಸೆಕೆಂಡು," ಎಂದಳು.

"ಹೌದು. ನಾನೂ ಲೆಕ್ಕ ಹಾಕಿದ್ದೇನೆ. ಇನ್‌ಸ್ಪೆಕ್ಟರು ನೀರು ಹೋಗಿದೆ ಅಂತಾರೆ."

"ನೀರು ಹೋದ್ರೆ ನಿಲ್ತದೆ, ನಿತ್ಯಾನಂದಣ್ಣ. ನಿಧಾನ ಆಗುದಿಲ್ಲ. ಅಪ್ಪ ಎಲ್ಲಿದ್ರೂ ದಿನಾ ಬೆಳಿಗ್ಗೆ ರೇಡಿಯೋದ ಸಮಯಸಂಕೇತಕ್ಕೆ ಎರಡನ್ನೂ ಕೂಡಿಸ್ತಿದ್ರು. ಟೂತ್‌ಬ್ರಷ್ ಮರೆತಾರು, ಪಾಕೆಟ್ ರೇಡಿಯೋ ಮರೆಯುದಿಲ್ಲ. ಗುರುವಾರ ಬೆಳಿಗ್ಗೆ ಕೂಡಿಸಿದ್ದು ಶನಿವಾರಕ್ಕೆ ಏಳು ಸೆಕೆಂಡು ಹೇಗೆ ತಪ್ತದೆ? ತಪ್ಪಿದ್ದು ಯಾವುದು? ಬಲಗೈದಾ?"

ನಿತ್ಯಾನಂದ ಲಕೋಟೆ ತಂದ. ರೇಡಿಯೋ ಹಚ್ಚಿ ಹೋಲಿಸಿ ನೋಡಿಯಾಗಿತ್ತು. ಎಡಗೈಯದು ಕೂದಲೆಳೆಯಷ್ಟೂ ತಪ್ಪಿಲ್ಲ. ಬಲಗೈಯದು ಹಿಂದೆ.

ಜೀವಿತಾ ಕುರ್ಚಿಗೆ ಒರಗಿದಳು. "ಅಪ್ಪ ಇದನ್ನೇ ತೋರಿಸ್ಲಿಕ್ಕೆ ಎರಡು ಕಟ್ಟುದು. ಕೇಳಿ. ವಾಚಿನೊಳಗೆ ಅಕ್ಕಿಕಾಳಿನಂಥ ಒಂದು ಡಬ್ಬಿ ಉಂಟು. ಅದರೊಳಗೆ ಸ್ಫಟಿಕದ ಕವೆ. ಸಂಗೀತದವರು ಶ್ರುತಿಗೆ ತಟ್ಟುತ್ತಾರಲ್ಲ, ಅದೇ ಆಕಾರ. ಆಸಿಲೇಟರ್ ಸರ್ಕ್ಯೂಟು ಅದನ್ನು ನಡುಗಿಸ್ತದೆ. ಸೆಕೆಂಡಿಗೆ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಸಲ. ಆಮೇಲೆ ಆ ನಡುಕವನ್ನು ಅರ್ಧ ಮಾಡುದು. ಅದರ ಅರ್ಧ, ಅದರ ಅರ್ಧ, ಹೀಗೆ ಹದಿನೈದು ಸಲ. ಕೊನೆಗೆ ಉಳಿಯುದು ಸೆಕೆಂಡಿಗೊಂದು ಮಿಡಿತ. ಅಷ್ಟೇ ವಾಚು."

"ಸರಿ."

"ಚಳಿಯಾದ್ರೆ ಆ ನಡುಕ ಕಡಿಮೆಯಾಗ್ತದೆ."

"ಚಳಿಗೆ ನಡುಕ ಹೆಚ್ಚಾಗ್ಬೇಕಲ್ವಾ?"

"ನಮಗೆ. ಸ್ಫಟಿಕಕ್ಕೆ ಉಲ್ಟಾ. ವಿಪರೀತ ಸೆಖೆಯಾದ್ರೂ ನಿಧಾನ, ಚಳಿಯಾದ್ರೂ ನಿಧಾನ. ಎಂದೂ ಅವಸರ ಮಾಡುದಿಲ್ಲ. ಬಲಗೈದು ಅಂಥ ಸಾದಾ ವಾಚು. ಎಡಗೈದು ಅಪ್ಪನ ಸ್ವಂತ ಸರ್ಕ್ಯೂಟು. ಅದು ಚಳಿ ಎಷ್ಟು ಅಂತ ನೋಡಿ, ತಪ್ಪಿದ ಮಿಡಿತಗಳನ್ನು ತಾನೇ ಸೇರಿಸಿಕೊಳ್ತದೆ. ಹತ್ತು ವರ್ಷದ ಕೆಲಸ." ಅವಳ ದನಿ ಸಣ್ಣದಾಯಿತು. "ನಿತ್ಯಾನಂದಣ್ಣ, ಅಪ್ಪ ಎಲ್ಲೋ ತುಂಬಾ ತಣ್ಣಗಿನ ಜಾಗದಲ್ಲಿದ್ರು. ತುಂಬಾ ಹೊತ್ತು."

ಫ್ಯಾನು ತಿರುಗುತ್ತಿತ್ತು. ಮೂವರೂ ಬೆವರುತ್ತಿದ್ದರು.

ಆದರೂ ಜೋಸೆಫ್ ಎದ್ದು ಫ್ಯಾನು ಆರಿಸಿದ.

* * *

ಕಳಕ್ಕೂಟಂನ ಲ್ಯಾಬಿನಲ್ಲಿ ಜೀವಿತಾ ಅಂಥದೇ ಒಂದು ಸ್ಫಟಿಕವನ್ನು ಐಸು ತುಂಬಿದ ಪಾತ್ರೆಯಲ್ಲಿಟ್ಟಳು. ಮೀಟರಿನ ಅಂಕೆಗಳು ಒಂದೊಂದಾಗಿ ಇಳಿದವು. ನಿತ್ಯಾನಂದ ಪಕ್ಕದಲ್ಲಿ ನಿಂತು ನೋಡಿದ. ಸಾಯುತ್ತಿರುವವನ ನಾಡಿ ಹಿಡಿದಂತಿತ್ತು.

ಅವಳು ಲೆಕ್ಕ ಹಾಕಿದಳು. "ಐಸಿನ ಚಳಿಯಲ್ಲಿ ದಿನಕ್ಕೆ ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ."

"ಏಳು ತಪ್ಪಬೇಕಾದ್ರೆ?"

"ಹತ್ತಿರ ಹತ್ತಿರ ನಾಲ್ಕು ದಿನ."

ಶುಕ್ರವಾರ ರಾತ್ರಿಯಿಂದ ಹಿಂದಕ್ಕೆ ನಾಲ್ಕು ದಿನ. ಸೋಮವಾರ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸೋಮವಾರದಿಂದ ಐಸಿನಲ್ಲಿದ್ದ ಮನುಷ್ಯ ಮಂಗಳವಾರ, ಬುಧವಾರ, ಗುರುವಾರ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದ್ದ. ಕೆಮ್ಮಿದ್ದ. ಊಟ ಆಯಿತೇ ಎಂದು ಕೇಳಿದ್ದ.

"ನನ್ನ ಮೇಲಿನ ಸಿಟ್ಟಿಗೆ ಇದೇ ಊರಲ್ಲಿದ್ದೂ ನೋಡ್ಲಿಕ್ಕೆ ಬರ್ಲಿಲ್ಲ ಅಂತ ಎಣಿಸಿದ್ದೆ," ಎಂದಳು ಜೀವಿತಾ. "ಅಪ್ಪ ಇಲ್ಲಿಗೆ ಬರ್ಲೇ ಇಲ್ಲ."

ಅಲ್ವಿನ್‌ನ ಮೊಬೈಲಿನಲ್ಲಿ ಗುರುವಾರದ ಕರೆಯ ನಂಬರು ಉಳಿದಿತ್ತು. ತಿರುವನಂತಪುರದ್ದೇ, ತಂಬಾನೂರಿನ ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತು. ಬೂತಿನವನಿಗೆ ಆ ಗಿರಾಕಿ ಚೆನ್ನಾಗಿ ನೆನಪಿದ್ದ. ಮುಖ ಅಲ್ಲ. ತಲೆಗೆ ಟೋಪಿ ಇತ್ತಂತೆ.

"ಮೂರು ದಿನ ಬಂದ, ಸಾರೆ. ಗಾಜಿನ ಬಾಗಿಲೊಳಗೆ ಹೋದದ್ದು ಹುಡುಗ. ಮಾತಾಡಿದ್ದು ಮುದುಕ. ಭಾಷೆ ತಿಳಿಯಲಿಲ್ಲ. ಹೊರಗೆ ಬಂದು ಚಿಲ್ಲರೆ ಕೇಳಿದಾಗ ಮತ್ತೆ ಹುಡುಗ. ಮೂರನೇ ದಿನ ನಾನು ಅಯ್ಯಪ್ಪನ ಫೋಟೋಕ್ಕೆ ಊದುಬತ್ತಿ ಹಚ್ಚಿದೆ."

ನಿತ್ಯಾನಂದನಿಗೆ ನವೆಂಬರಿನ ರಾಜ್ಯೋತ್ಸವ ನೆನಪಾಯಿತು. ಕನ್ನಡ ಸಂಘದ ಮಿಮಿಕ್ರಿ ಸ್ಪರ್ಧೆ. ತೀರ್ಪುಗಾರ ಅವನೇ. ಮೊದಲ ಬಹುಮಾನ ಕೊಟ್ಟವನೂ ಅವನೇ. ಗೆದ್ದವನು ಕಮಲಾಕ್ಷರನ್ನೇ ಅನುಕರಿಸಿದ್ದ. ಎರಡೂ ಕೈ ಎತ್ತಿ, ಬಾಯಲ್ಲೇ ಪೀಪ್-ಪೀಪ್ ಮಾಡಿ, ಕೆಮ್ಮಿ, "ಸರಿ, ಈಗ ಮಾತಾಡು!" ಎಂದಿದ್ದ. ಮುಂದಿನ ಸಾಲಿನಲ್ಲಿ ಕುಸುಮಾವತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ವಿಶ್ವಾಸ್.

* * *

"ದನಿ ಸಾಕಾಗುದಿಲ್ಲ," ಎಂದ ನಿತ್ಯಾನಂದ ಮರಳಿ ಬಂದು. "ಇನ್‌ಸ್ಪೆಕ್ಟರು ಇದೂ ನಿನ್ನ ಮಿಮಿಕ್ರಿ ಅಂತಾರೆ. ಜೋಸೆಫ್, ಕೊಚ್ಚಿಯಲ್ಲಿ ನಾಲ್ಕು ದಿನ ಒಬ್ಬ ಮನುಷ್ಯನನ್ನು ತಣ್ಣಗಿಡ್ಲಿಕ್ಕೆ ಜಾಗ ಎಲ್ಲುಂಟು?"

"ಮೀನಿನವರ ಹತ್ರ." ಜೋಸೆಫ್ ಪಟ್ಟನೆ ಹೇಳಿದ. ಆಮೇಲೆ ಅವನ ಬಾಯಿ ತೆರೆದೇ ಉಳಿಯಿತು. "ಸಾರೆ... ಚೀವೀಡು!"

"ಎಂತದು?"

"ಜೀರುಂಡೆ! ನಮ್ಮ ಚರ್ಚಿನ ಜಲಜಾ ಚೇಚಿ ತೋಪ್ಪುಂಪಡಿಯಲ್ಲಿ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗ್ತಾಳೆ. ಹೋದ ವಾರ ಅಲ್ಲಿ ಐಸಿನ ಕೋಣೆಯೊಳಗೆ ಜೀರುಂಡೆ ಕೂಗ್ತದೆ ಅಂತ ಹೆಂಗಸರು ಕೆಲಸ ಬಿಟ್ಟು ಓಡಿದ್ರಂತೆ. ನಾವೆಲ್ಲ ನಕ್ಕಿದ್ದೆವು."

ಜಲಜಾ ಕೈಗೆ ಹತ್ತಿದ ಸಿಗಡಿಯ ಮೀಸೆ ಕೊಡವಿಕೊಂಡು ಹೊರಗೆ ಬಂದಳು. ಐವತ್ತು ದಾಟಿದ ಹೆಂಗಸು. ಪೊಲೀಸರನ್ನು ಕಂಡು ಹೆದರಲಿಲ್ಲ. ಐಸಿನ ಕೋಣೆಯ ಬಾಗಿಲನ್ನು ಮಾತ್ರ ನೋಡಲಿಲ್ಲ.

"ನೀವೂ ನಗ್ತೀರಿ, ನಗಿ. ಐಸಿನಲ್ಲಿ ಯಾವ ಜೀರುಂಡೆ ಬದುಕ್ತದೆ? ಮೊದಲ ದಿನ ಒಂದೇ ಸಲ ಕೂಗ್ತಿತ್ತು. ಆಮೇಲೆ ಎರಡಾಯ್ತು. ಒಂದು ಕೂಗುದು, ಇನ್ನೊಂದು ಉತ್ತರ ಕೊಡುದು. ದಿನ ಹೋದ ಹಾಗೆ ಉತ್ತರ ತಡ ಆಗ್ತಾ ಬಂತು. ಎರಡನೆಯದು ಸಾಯ್ತಾ ಉಂಟು ಅಂತ ನಾವು ಮಾತಾಡಿಕೊಂಡೆವು."

ನಿತ್ಯಾನಂದ ನಗಲಿಲ್ಲ.

"ಯಾವ ಮೂಲೆ, ಚೇಚಿ?"

"ಹಿಂದಿನ ಬಲಮೂಲೆ. ಅಲ್ಲೊಂದು ದೊಡ್ಡ ನೀಲಿ ಪೆಟ್ಟಿಗೆ ಇತ್ತು, ಹಗ್ಗ ಕಟ್ಟಿ. ವಿದೇಶಕ್ಕೆ ಹೋಗುವ ಸ್ಯಾಂಪಲ್, ಯಾರೂ ಮುಟ್ಟಬೇಡಿ ಅಂತ ವಿಶ್ವಾಸ್ ಸಾರ್ ಹೇಳಿದ್ರು. ಕೋಣೆ ಅವರು ಬಾಡಿಗೆಗೆ ಹಿಡಿದದ್ದಲ್ಲವಾ. ಶುಕ್ರವಾರ ರಾತ್ರಿ ಪೆಟ್ಟಿಗೆ ಹೋಯ್ತು. ಜೀರುಂಡೆಯೂ ಹೋಯ್ತು."

ಕಟ್ಟಡದ ಮಾಲೀಕನ ಬಳಿ ಇನ್ನೊಂದು ಕೀಲಿ ಇತ್ತು. ಕಮಲಾಕ್ಷರ ವರ್ಕ್‌ಶಾಪಿನಲ್ಲಿ ಅಂಥದೇ ಇನ್ನೊಂದು ಜೋಡಿ ವಾಚು ಇತ್ತು. ಜೀವಿತಾ ಎರಡನ್ನೂ ರೇಡಿಯೋಗೆ ಕೂಡಿಸಿ ಕೊಟ್ಟಳು. ಜಲಜಾ ಅದನ್ನು ಐಸಿನೊಳಗೆ ಹೂತಳು. ಹಿಂದಿನ ಬಲಮೂಲೆಯಲ್ಲಿ ಅಲ್ಲ. ಬಾಗಿಲ ಪಕ್ಕದಲ್ಲೇ, ಎಡಕ್ಕೆ.

"ನಾಲ್ಕು ದಿನ," ಎಂದ ನಿತ್ಯಾನಂದ.

"ಅಲ್ವಿನ್ ಜೈಲಲ್ಲಿದ್ದಾನೆ," ಎಂದಳು ಜೀವಿತಾ. "ಅಲ್ಲಿ ಅವನು ಊಟ ಮಾಡ್ತಿಲ್ಲ."

"ಗೊತ್ತು. ಆದ್ರೆ ಈ ಸಾಕ್ಷಿಗೆ ಅವಸರ ಮಾಡ್ಲಿಕ್ಕಾಗುದಿಲ್ಲ, ಮಗಾ. ನೀನೇ ಹೇಳಿದ್ದು."

* * *

"ಅಲ್ವಿನ್ ರಕ್ತ ಹತ್ತಿದ ಬಟ್ಟೆ ನಿಮ್ಮ ಶೆಡ್ಡಿನಲ್ಲಿ ಎಲ್ಲೋ ಎಸೆದಿರಬಹುದು ಅಂತ ಅನುಮಾನ," ಎಂದು ನಿತ್ಯಾನಂದ ಫೋನಿನಲ್ಲಿ ಹೇಳಿದ್ದ. "ಆ ಹುಡುಗನ ಕೇಸು ಗಟ್ಟಿಯಾಗ್ತದೆ. ಶೆಡ್ಡು ತೆರೆದು ತೋರಿಸ್ತೀರಾ?"

ವಿಶ್ವಾಸ್ ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಸರ್ಕಲ್ ಇನ್‌ಸ್ಪೆಕ್ಟರೂ ಬಂದಿದ್ದರು, ಮುಖ ಗಂಟಿಕ್ಕಿಕೊಂಡು. ಜೀವಿತಾ ಬಾಗಿಲಲ್ಲಿ ನಿಂತಳು. ಹೊರಗೆ ಮಧ್ಯಾಹ್ನದ ಬಿಸಿಲು ಕುದಿಯುತ್ತಿತ್ತು. ಒಳಗೆ ಉಸಿರು ಹೊಗೆಯಾಯಿತು.

"ನೋಡಿ ಸಾರ್, ಐಸು ಬಿಟ್ರೆ ಏನಿಲ್ಲ," ಎಂದ ವಿಶ್ವಾಸ್. "ಇಲ್ಲಿ ಯಾರ್ ಬರ್ತಾರೆ?"

"ನೀವು ಸರ್ಕ್ಯೂಟು ಮಾರಿದ್ರಾ?" ನಿತ್ಯಾನಂದ ಹವಾಮಾನ ಕೇಳುವಂತೆ ಕೇಳಿದ. "ಪ್ರದರ್ಶನದಲ್ಲಿ ಸ್ಟಾಲಿನ ಫಲಕದ ಮೇಲೆ ನಿಮ್ಮ ಹೆಸರು ಒಂದೇ ಇತ್ತಂತೆ. ಆವಿಷ್ಕಾರ ಮಾಡಿದವರು, ವಿಶ್ವಾಸ್."

"ಅದು ಪ್ರಿಂಟಿಂಗ್ ಮಿಸ್ಟೇಕು ಸಾರ್. ನಾನು ಬರೀ ಮಾರಾಟದೋನು. 'ಕಾಶ್ಮೀರದ ಹಿಮವಿರಲಿ, ರಾಜಸ್ಥಾನದ ಮರಳಿರಲಿ, ಸಮಯ ಒಂದೇ!' ಆ ಸಾಲು ನಾನು ಬರೆದಿದ್ದು. ಅಷ್ಟೇ ನನ್ನ..."

ಪೀಪ್-ಪೀಪ್.

ಹನ್ನೆರಡು ಗಂಟೆ.

ಸದ್ದು ಬಂದದ್ದು ಬಾಗಿಲ ಪಕ್ಕದ ಎಡಗಡೆಯಿಂದ. ಇನ್‌ಸ್ಪೆಕ್ಟರು ಎಡಕ್ಕೆ ತಿರುಗಿದರು. ಜೋಸೆಫ್ ಎಡಕ್ಕೆ ತಿರುಗಿದ. ಜೀವಿತಾ ಎಡಕ್ಕೆ ನೋಡಿದಳು.

ವಿಶ್ವಾಸ್ ಮಾತ್ರ ಹಿಂದಿನ ಬಲಮೂಲೆ ನೋಡಿದ. ಅಲ್ಲಿ ಬರೀ ಒದ್ದೆ ನೆಲ ಇತ್ತು.

ಅವನು ಅದನ್ನೇ ನೋಡುತ್ತ ನಿಂತ. ತುಟಿ ನೀಲಿಯಾಯಿತು. ಐಸು ಎಲ್ಲೋ ಸಣ್ಣಗೆ ಬಿರುಕು ಬಿಟ್ಟಿತು.

ಪೀಪ್-ಪೀಪ್.

"ಸರಿ," 
ಎಂದ ನಿತ್ಯಾನಂದ. ದನಿ ಅವನದಾಗಿರಲಿಲ್ಲ. ಕೆಮ್ಮಿದ. ಆ ಕೆಮ್ಮೂ ಅವನದಲ್ಲ. "ಈಗ ಮಾತಾಡು."

ವಿಶ್ವಾಸ್ ನೆಲಕ್ಕೆ ಕುಸಿದ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ನಾನು ತಳ್ಳಿದ್ದಷ್ಟೇ! ಸಾಯ್ಲಿ ಅಂತ ಅಲ್ಲ! ಸ್ಟಾಲಿಗೆ ಒಯ್ಯೋಕೆ ಇಟ್ಟಿದ್ದ ಫಲಕ ನೋಡಿಬಿಟ್ರು, ನನ್ನ ಕಳ್ಳ ಅಂದ್ರು... ಪೆಟ್ಟಿಗೆ ಮುಚ್ಚಿದ್ಮೇಲೂ ಕೂಗ್ತಿತ್ತು ಸಾರ್. ಮುಚ್ಚಿದ್ಮೇಲೂ!"

* * *

ಇನ್‌ಸ್ಪೆಕ್ಟರು ಬಿಸಿಲಿಗೆ ಬಂದು ಕೈ ಉಜ್ಜಿಕೊಂಡರು. "ಬಿಡಿಸಿ ಹೇಳು."

"ಸೋಮವಾರ ಸಂಜೆ ವರ್ಕ್‌ಶಾಪಿನಲ್ಲಿ ಜಗಳ, ಸಾರ್. ತಳ್ಳಿದ. ತಲೆ ವೈಸಿಗೆ ಬಡಿಯಿತು. ಆಗಲೇ ನಮ್ಮ ಹತ್ರ ಬಂದಿದ್ರೆ ಕೈತಪ್ಪಿ ಆದ ಸಾವು ಅಂತಿದ್ದೆವು. ಅವನು ಮೀನಿನ ಪೆಟ್ಟಿಗೆ ತಂದ. ಹೆಣ ಐಸಿಗೆ, ತಾನು ತಿರುವನಂತಪುರಕ್ಕೆ. ಅಲ್ಲಿ ನೂರು ಜನರ ಎದುರು ನಿಂತ. ದಿನಾ ರಾತ್ರಿ ಸತ್ತವರ ದನಿಯಲ್ಲಿ ಮನೆಗೆ ಫೋನು. ಗುರುವಾರ ಅದೇ ದನಿಯಲ್ಲಿ ಅಲ್ವಿನ್‌ನನ್ನು ವರ್ಕ್‌ಶಾಪಿಗೆ ಕರೆಸಿದ. ಶುಕ್ರವಾರ ರಾತ್ರಿ ಬಂದು ಹೆಣವನ್ನು ಕಾಯಲಿಗೆ ಬಿಟ್ಟ."

"ಡಾಕ್ಟರು?"

"ಐಸಿನಲ್ಲಿಟ್ಟ ಮೀನು ಕೆಡುದಿಲ್ಲವಲ್ಲ, ಸಾರ್. ಸತ್ತವರ ಮೈಯೂ ಒಂದು ಗಡಿಯಾರ. ಚಳಿಗೆ ಅದು ನಿಧಾನವಾಯ್ತು. ಡಾಕ್ಟರು ಆ ಗಡಿಯಾರ ನಂಬಿದ್ರು. ಬಲಗೈ ವಾಚೂ ನಿಧಾನವಾಯ್ತು. ಎಡಗೈಯದ್ದು ಮಾತ್ರ ಚಳಿಗೆ ಬಗ್ಗಲಿಲ್ಲ. ಎರಡರ ನಡುವಿನ ಏಳು ಸೆಕೆಂಡಿನಲ್ಲಿ ಆ ನಾಲ್ಕು ದಿನ ಕೂತಿತ್ತು. ಇವತ್ತು ಐಸಿನಿಂದ ತೆಗೆದ ಜೋಡಿಯಲ್ಲೂ ಅಷ್ಟೇ ವ್ಯತ್ಯಾಸ."

"ವಾಚು ಬಿಚ್ಚಿ ಬಿಸಾಕಬಹುದಿತ್ತಲ್ಲ ಅವನು?"

"ಕಮಲಾಕ್ಷಣ್ಣ ಸ್ನಾನಕ್ಕೂ ಬಿಚ್ಚುದಿಲ್ಲ ಅಂತ ಊರಿಗೇ ಗೊತ್ತು. ಖಾಲಿ ಕೈಯ ಹೆಣ ಸಿಕ್ಕಿದ್ರೆ ನಾವು ವಾಚು ಹುಡುಕ್ತಿದ್ದೆವು. ಅದೂ ಅಲ್ಲದೆ..." ನಿತ್ಯಾನಂದ ಜೀಪಿನಲ್ಲಿ ಕೂತ ವಿಶ್ವಾಸ್‌ನತ್ತ ನೋಡಿದ. "ಎರಡು ಯಾಕೆ ಕಟ್ತಾರೆ ಅಂತ ಅವನ ತಲೆಗೆ ಹೋಗಿರಲೇ ಇಲ್ಲ. ಕಾಶ್ಮೀರದ ಹಿಮ, ರಾಜಸ್ಥಾನದ ಮರಳು ಅಂತ ನೂರು ಸಲ ಒಪ್ಪಿಸಿದ್ದಾನೆ. ಅವನು ಅವರ ದನಿ ಕಲಿತ, ಕೆಮ್ಮು ಕಲಿತ. ಅವರು ಹೇಳಿದ್ದನ್ನು ಒಂದು ಸಲವೂ ಕೇಳಿಸಿಕೊಳ್ಲಿಲ್ಲ. ವೇದಿಕೆಯ ಮೇಲೆ ಪೀಪ್-ಪೀಪ್ ಮಾಡಿದವನು ಫೋನಿನಲ್ಲಿ ಅದನ್ನು ಮಾಡ್ಲಿಲ್ಲ. ಯಾಕೆ ಅಂತ ಕೇಳಿದೆ. ಐಸಿನ ಪೆಟ್ಟಿಗೆಯಲ್ಲಿ ಕೇಳಿದ ಮೇಲೆ ಆ ಸದ್ದು ಬಾಯಿಗೆ ಬರ್ಲಿಲ್ಲವಂತೆ."

ಇನ್‌ಸ್ಪೆಕ್ಟರು ಮೂಗಿನಲ್ಲಿ ಗೊರಗೊರ ಮಾಡಿದರು. "ಫೈಲ್ ಕ್ಲೋಸ್."

ಜೋಸೆಫ್ ಯಾರು ಹೇಳಿದ್ದೆಂದು ತಿಳಿಯದೆ ಇಬ್ಬರಿಗೂ ಸೆಲ್ಯೂಟ್ ಹೊಡೆದ.

* * *

ಅಲ್ವಿನ್ ಬಿಡುಗಡೆಯಾದ ದಿನ ಸಂಜೆ ಜೀವಿತಾ ಅವನನ್ನು ಮನೆಗೆ ಕರೆತಂದಳು. ನಿತ್ಯಾನಂದ ಬಾಗಿಲ ತನಕ ಬಿಡಲು ಬಂದವನು ಕಾಫಿಗೆ ಉಳಿದ. ಅಲ್ವಿನ್ ಸೊರಗಿಹೋಗಿದ್ದ. ಸೋಫಾದ ತುದಿಯಲ್ಲಿ ಕೂತು, ಕಮಲಾಕ್ಷರ ಫೋಟೋ ನೋಡದೆ, ಕುಸುಮಾವತಿಯವರನ್ನೂ ನೋಡದೆ, ನೆಲ ನೋಡುತ್ತಿದ್ದ.

ಮೇಜಿನ ಮೇಲೆ ಐಸಿನಿಂದ ಬಂದ ಆ ಇನ್ನೊಂದು ಜೋಡಿ ವಾಚು ಇತ್ತು. ಸತ್ತವರ ಕೈಯದ್ದು ಕೋರ್ಟಿನಲ್ಲಿತ್ತು.

"ಅಮ್ಮ, ಇದನ್ನು ಸರಿ ಮಾಡಿ ಇಡ್ಲಾ?" ಎಂದಳು ಜೀವಿತಾ. "ಏಳು ಸೆಕೆಂಡು ಹಿಂದೆ ಉಂಟು."

"ಬೇಡ. ಅವರು ಆ ನಾಲ್ಕು ದಿನ ಎಲ್ಲಿದ್ರು ಅಂತ ನನಗೆ ನಿಜ ಹೇಳಿದ್ದು ಅದೊಂದೇ."

ಅಲ್ವಿನ್ ಗಂಟಲು ಸರಿಮಾಡಿಕೊಂಡ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿರಬೇಕು. "ಆಂಟಿ, ನಾನು... ನಾನು ಜೀವಿತಾಳನ್ನು..."

ಪೀಪ್-ಪೀಪ್.

ಎಂಟು ಗಂಟೆ. ಅಲ್ವಿನ್ ಬೆಚ್ಚಿ ಬಾಯಿ ಮುಚ್ಚಿದ. ಮತ್ತೆ ತೆರೆಯಹೋದ. ಕುಸುಮಾವತಿ ಕೈ ಎತ್ತಿ ತಡೆದರು. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಕಾಫಿಯ ಲೋಟ ಹಿಡಿದ ನಿತ್ಯಾನಂದ ಅಲುಗಾಡಲಿಲ್ಲ.

ಪೀಪ್-ಪೀಪ್.

ಕುಸುಮಾವತಿ ಕೈ ಇಳಿಸಿದರು. ಅವನ ಮುಖ ನೋಡಿದರು.

"ಸರಿ," ಎಂದರು. "ಈಗ ಮಾತಾಡು."